ಪರಿಹಾರ ಕೇಂದ್ರಿತ ಆಪ್ತಸಮಾಲೋಚನೆ: ಮೊದಲ ಭೇಟಿಯಿಂದ ಕಡತ ಮುಚ್ಚುವ ತನಕ, ಹಂತ ಹಂತವಾಗಿ

ಪರಿಹಾರ ಕೇಂದ್ರಿತ ವಿಧಾನವೆಂದರೆ ಸಮಸ್ಯೆಯ ಬೇರು ಅಗೆಯುವ ಬದಲು, ಬಂದವರಿಗೆ ಏನು ಬೇಕು, ಅದರಲ್ಲಿ ಆಗಲೇ ಏನಿದೆ ಎಂಬುದನ್ನು ಹಿಡಿದು ಸಾಗುವುದು. ಅದರ ತರಬೇತಿ ಮುಗಿಸಿ ಬಂದ ಕೌನ್ಸೆಲರುಗಳು ಎಡವುವುದು ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ. ಬಂದವರು ಕೂತು ಐದು ನಿಮಿಷ ಆಗಿರುವುದಿಲ್ಲ, "ನಿಮ್ಮಲ್ಲಿರುವ ಒಳ್ಳೆಯ ಗುಣಗಳು ಯಾವುವು?" ಎಂದು ಕೇಳುತ್ತಾರೆ. "ಗೊತ್ತಿಲ್ಲ" ಎಂಬ ಉತ್ತರ ಬರುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ತೊಂದರೆ ಬಗೆಹರಿದಿದ್ದರೆ ಬೆಳಗ್ಗೆ ಏನು ಬೇರೆ ಕಾಣುತ್ತದೆ ಎಂಬ ಪವಾಡದ ಪ್ರಶ್ನೆಗೂ ಅದೇ ಉತ್ತರ. ಈಗಿನ ಸ್ಥಿತಿ ಹತ್ತಕ್ಕೆ ಎಷ್ಟು ಎಂದರೆ "ಐದು". ಮುಂದೇನು ಕೇಳಬೇಕೆಂದು ತೋಚದೆ ಕೌನ್ಸೆಲರ್ ಟೈಮ್‌ಟೇಬಲ್ ಹಾಕಿಕೊಡುತ್ತಾರೆ, ಮೊಬೈಲ್ ಕಡಿಮೆ ಮಾಡು ಅನ್ನುತ್ತಾರೆ, ಬೆಳಗ್ಗೆ ಬೇಗ ಏಳು ಅನ್ನುತ್ತಾರೆ. ಭೇಟಿ ಉಪದೇಶದಲ್ಲಿ ಮುಗಿಯುತ್ತದೆ. ಹೋದವರು ಮತ್ತೆ ಬರುವುದಿಲ್ಲ.

ಪ್ರಶ್ನೆಗಳೇನೋ ಸರಿಯಾಗಿಯೇ ಇವೆ. ಕೆಟ್ಟಿರುವುದು ಸರದಿ. ಜೊತೆಗೆ, ಉತ್ತರ ಸಿಕ್ಕ ಕೂಡಲೇ ವಿವರ ಕೇಳದೆ ಮುಂದಿನ ಪ್ರಶ್ನೆಗೆ ಹಾರುವ ಅಭ್ಯಾಸ. ಈ ಮಾರ್ಗದರ್ಶಿ ಆ ಎರಡನ್ನೇ ಹಿಡಿದು ಸಾಗುತ್ತದೆ. ಕಾಲೇಜಿನಲ್ಲೋ ಸಾಂತ್ವನ ಕೇಂದ್ರದಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ಕೆಲಸ ಮಾಡುವ, ಮೂಲ ತರಬೇತಿ ಆಗಿರುವ ಆಪ್ತಸಮಾಲೋಚಕರಿಗಾಗಿ ಬರೆದದ್ದು. ಉದ್ದಕ್ಕೂ ಒಂದು ಉದಾಹರಣೆ ಬರುತ್ತದೆ: ಹಾಸ್ಟೆಲಿನಲ್ಲಿರುವ ದ್ವಿತೀಯ ಪಿಯು ವಿಜ್ಞಾನದ ಹುಡುಗ, ಮೂರು ವಾರದಿಂದ ಕ್ಲಾಸಿಗೆ ಹೋಗಿಲ್ಲ, ವಾರ್ಡನ್ ಕಳಿಸಿದ್ದಾರೆ. ಹುಡುಗನೂ ಸಂಭಾಷಣೆಯೂ ವಿವರಣೆಗಾಗಿ ಕಟ್ಟಿದವು.

## ಕೂರುವ ಮೊದಲು ಬೇಕಾದದ್ದು

ಬಾಗಿಲು ಹಾಕಿದರೆ ಮಾತು ಹೊರಗೆ ಕೇಳಿಸದ ಕೋಣೆ. ಬಹಳ ಕಾಲೇಜುಗಳಲ್ಲಿ ಆಪ್ತಸಮಾಲೋಚನಾ ಕೊಠಡಿ ಎಂದರೆ ಕ್ರೀಡಾ ಸಾಮಗ್ರಿಯ ಕೋಣೆಯ ಅರ್ಧ ಭಾಗ. ಅದಾದರೂ ನಡೆದೀತು, ಆದರೆ ಮಧ್ಯೆ ಯಾರೂ ಬ್ಯಾಟು ತೆಗೆದುಕೊಂಡು ಹೋಗಲು ಬರಬಾರದು. ಕುರ್ಚಿಗಳು ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ನಡುವೆ ಮೇಜು ಬೇಡ. ಗಡಿಯಾರ ಅವರ ಹಿಂದಿನ ಗೋಡೆಯಲ್ಲಿದ್ದರೆ ನೀವು ಕೈಗಡಿಯಾರ ನೋಡಿಕೊಳ್ಳುವ ಮುಜುಗರ ತಪ್ಪುತ್ತದೆ.

ಒಂದು ಎ4 ಹಾಳೆ. ಅದನ್ನು ಉದ್ದಕ್ಕೆ ಮೂರು ಪಾಲು ಮಾಡಿ. ಎಡಕ್ಕೆ "ಬೇಕಾದದ್ದು", ನಡುವೆ "ಆಗಲೇ ಇರುವುದು", ಬಲಕ್ಕೆ "ಮುಂದಿನ ಗುರುತು". ಟಿಪ್ಪಣಿಯೆಲ್ಲ ಈ ಮೂರರೊಳಗೆ, ಅವರದೇ ಮಾತಿನಲ್ಲಿ. ಭೇಟಿಯ ನಡುವೆ ಒಮ್ಮೆ ಹಾಳೆ ನೋಡಿದರೆ ಯಾವ ಹಂತ ಹಾರಿಸಿದ್ದೀರಿ ಎಂಬುದು ಖಾಲಿ ಜಾಗದಿಂದಲೇ ಗೊತ್ತಾಗುತ್ತದೆ. ಹೊಸಬರ ಹಾಳೆಯಲ್ಲಿ ಸಾಮಾನ್ಯವಾಗಿ ನಡುವಿನ ಪಾಲು ಖಾಲಿ ಇರುತ್ತದೆ.

ಗೋಡೆಯ ಮೇಲೋ ಡೈರಿಯ ಮೊದಲ ಪುಟದಲ್ಲೋ ಈ ನಂಬರುಗಳು: ಟೆಲಿ ಮನಸ್ (ಮಾನಸಿಕ ಆರೋಗ್ಯ ಸಹಾಯವಾಣಿ) 14416, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತು 112. ಜೊತೆಗೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ನಂಬರು ಮತ್ತು ಹೊರರೋಗಿ ವಿಭಾಗದ ದಿನ, ವೇಳೆ. ಸ್ಥಳೀಯ ನಂಬರುಗಳನ್ನು ಮೂರು ತಿಂಗಳಿಗೊಮ್ಮೆ ಕರೆ ಮಾಡಿ ನೋಡಿ.

ಮೊದಲ ಭೇಟಿಗೆ 50 ನಿಮಿಷ. ಗೋಪ್ಯತೆ ಮತ್ತು ಅಪಾಯಕ್ಕೆ 5, ಕೇಳಿಸಿಕೊಳ್ಳುವುದಕ್ಕೆ 10, ಗುರಿ ಮತ್ತು ನಾಳೆ ಬೆಳಗಿನ ಪ್ರಶ್ನೆಗೆ 15, ಬಿಡುವಿನ ಗಳಿಗೆ ಮತ್ತು ಅಳತೆಗೆ 10, ವಿರಾಮಕ್ಕೆ 5, ಕೊನೆಯ ಮಾತಿಗೆ 5. ಒಂದೊಂದೂ ಏನೆಂಬುದು ಮುಂದಿನ ಹಂತಗಳಲ್ಲಿದೆ. ಅಪಾಯದ ಸುಳಿವು ಸಿಕ್ಕರೆ ಈ ಲೆಕ್ಕವನ್ನೆಲ್ಲ ಬದಿಗಿಡಿ.

## ಹಂತ 1: ಗೋಪ್ಯತೆ ಹೇಳಿ, ಅಪಾಯ ನೋಡಿಕೊಳ್ಳಿ

ಗೋಪ್ಯತೆಯ ಮಿತಿಯನ್ನು ಮೊದಲ ಎರಡು ನಿಮಿಷದಲ್ಲೇ ಹೇಳಬೇಕು. ಗುಟ್ಟು ಹೊರಬಿದ್ದ ಮೇಲೆ ಹೇಳಿದರೆ ಮೋಸ ಮಾಡಿದಂತಾಗುತ್ತದೆ. "ನೀನು ಹೇಳಿದ್ದು ಈ ಕೋಣೆಯಲ್ಲೇ ಇರುತ್ತೆ. ನಿನ್ನ ಜೀವಕ್ಕೆ ಅಪಾಯ ಇದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಮಾತ್ರ ನಾನು ಬೇರೆಯವರಿಗೆ ಹೇಳಲೇಬೇಕಾಗುತ್ತೆ. ಹಾಗೆ ಹೇಳೋ ಮೊದಲು ನಿನಗೆ ತಿಳಿಸ್ತೀನಿ." ಲೈಂಗಿಕ ದೌರ್ಜನ್ಯದ ವಿಷಯ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಪೋಕ್ಸೊ ಕಾಯ್ದೆ 2012ರ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆಯಿದೆ. ಪಿಯು ಮಕ್ಕಳಲ್ಲಿ ಹೆಚ್ಚಿನವರು ಹದಿನೆಂಟು ದಾಟಿರುವುದಿಲ್ಲ ಎಂಬುದು ನೆನಪಿರಲಿ.

"ಸಾಕಾಗಿಹೋಗಿದೆ", "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಇನ್ನೂ ನಾಲ್ಕು ವಿಷಯ ತಿಳಿಯಬೇಕು: ಹೇಗೆ ಎಂದು ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದರಾ, ಇವತ್ತು ರಾತ್ರಿ ಜೊತೆಗೆ ಯಾರಿರುತ್ತಾರೆ. ಯೋಜನೆಯೂ ಸಾಧನವೂ ಇವೆ ಎಂದಾದರೆ ಪರಿಹಾರ ಕೇಂದ್ರಿತ ಸಂದರ್ಶನ ಅಲ್ಲಿಗೇ ನಿಂತಿತು. ಒಬ್ಬರನ್ನೇ ಬಿಡಬೇಡಿ, ಮನೆಯವರನ್ನು ಕರೆಸಿ, ಅದೇ ದಿನ ಮನೋವೈದ್ಯರಿಗೆ ತೋರಿಸಿ. ಕೃಷಿ ಮನೆಯಾಗಿದ್ದರೆ ಕೀಟನಾಶಕಕ್ಕೆ ಬೀಗ ಹಾಕಿ ಕೀಲಿಕೈ ಬೇರೊಬ್ಬರ ಬಳಿ ಇಡಲು ಮನೆಯವರಿಗೆ ಸ್ಪಷ್ಟವಾಗಿ ಹೇಳಿ.

## ಹಂತ 2: ಹತ್ತು ನಿಮಿಷ ಬಾಯಿ ಮುಚ್ಚಿ ಕೇಳಿ

ಈ ವಿಧಾನದಲ್ಲಿ ಸಮಸ್ಯೆಯ ಮಾತೇ ಎತ್ತಬಾರದು ಎಂದು ಕೆಲವರು ನಂಬಿದ್ದಾರೆ. ಹಾಗೇನೂ ಇಲ್ಲ. ಸಮಸ್ಯೆಯ ಬೇರು ಅಗೆಯುತ್ತ ಕೂರುವುದಿಲ್ಲ, ಅಷ್ಟೆ. ನೋವು ಹೇಳಿಕೊಳ್ಳಲು ಬಂದವರಿಗೆ ಮೊದಲ ಹತ್ತು ನಿಮಿಷ ಅದನ್ನು ಹೇಳಲು ಬಿಡದಿದ್ದರೆ ಮುಂದಿನ ಯಾವ ಪ್ರಶ್ನೆಯೂ ಕೆಲಸ ಮಾಡುವುದಿಲ್ಲ.

ಕೇಳುವಾಗ ಎರಡನ್ನು ಹೆಕ್ಕಿಕೊಳ್ಳಿ. ಮೊದಲನೆಯದು, ಅವರು ಮಾಡಿದ ಕೆಲಸಗಳು: "ಅಕ್ಕನಿಗೆ ಫೋನ್ ಮಾಡ್ದೆ", "ಒಂದಿನ ಲೈಬ್ರರಿಗೆ ಹೋಗಿದ್ದೆ". ಇವು ಕಷ್ಟದ ಕತೆಯ ನಡುವೆ ಗಮನ ಸೆಳೆಯದೆ ಬಂದು ಹೋಗುತ್ತವೆ; ನಡುವಿನ ಪಾಲಿನಲ್ಲಿ ಗುರುತು ಹಾಕಿಕೊಳ್ಳಿ, ಆದರೆ ಈಗಲೇ ಎತ್ತಬೇಡಿ. ಎರಡನೆಯದು, ಅವರು ಬಳಸುವ ಪದ. "ತಲೆ ಓಡ್ತಿಲ್ಲ" ಎಂದರೆ ನೀವೂ "ತಲೆ ಓಡದೇ ಇರೋದು" ಎನ್ನಿ. ಖಿನ್ನತೆ, ಆತಂಕ ಎಂದು ಹೆಸರಿಟ್ಟರೆ ಹುಡುಗ ಆ ಹೆಸರನ್ನು ಹೊತ್ತುಕೊಂಡು ಹಾಸ್ಟೆಲಿಗೆ ಹೋಗುತ್ತಾನೆ.

"ಯಾಕೆ" ಬೇಡ. "ಯಾಕೆ ಕ್ಲಾಸಿಗೆ ಹೋಗಲಿಲ್ಲ?" ಎಂದಾಗ ನೀವು ವಾರ್ಡನ್ ಆಗುತ್ತೀರಿ, ಅವನು ಸಮಜಾಯಿಷಿ ಕೊಡುವ ಹುಡುಗ. ಕಷ್ಟ ತುಂಬ ಭಾರವಾಗಿದ್ದರೆ ಇಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: "ಇಷ್ಟೆಲ್ಲ ಇದ್ದೂ ಇವತ್ತು ಎದ್ದು ಇಲ್ಲಿ ತನಕ ಬಂದಿದ್ದೀಯ. ಅದು ಹೇಗಾಯ್ತು?" ದನಿಯಲ್ಲಿ ನಿಜವಾದ ಕುತೂಹಲ ಇರಲಿ, ಇಲ್ಲದಿದ್ದರೆ ಇದು ಗದರಿದಂತೆ ಕೇಳಿಸುತ್ತದೆ.

ಗಮನಿಸಬೇಕಾದ ಸೂಚನೆ: ಬಂದವರು ಅದೇ ಮಾತನ್ನು ಮೂರನೇ ಸಲ, ಇನ್ನೂ ಜೋರಾಗಿ ಹೇಳುತ್ತಿದ್ದಾರೆ ಎಂದರೆ ಮೊದಲೆರಡು ಸಲ ನೀವು ಕೇಳಿಸಿಕೊಂಡಂತೆ ಅವರಿಗೆ ಅನ್ನಿಸಿಲ್ಲ. ಮುಂದಿನ ಹಂತಕ್ಕೆ ಹೋಗದೆ, ಅವರು ಹೇಳಿದ್ದನ್ನು ಅವರ ಪದಗಳಲ್ಲೇ ಎರಡು ವಾಕ್ಯದಲ್ಲಿ ಹೇಳಿ ಒಪ್ಪಿಸಿ.

## ಹಂತ 3: ಬೇಕಾದದ್ದೇನು?

"ಇಲ್ಲಿಗೆ ಬಂದದ್ದು ಉಪಯೋಗ ಆಯ್ತು ಅಂತ ನಿನಗೆ ಯಾವುದರಿಂದ ಗೊತ್ತಾಗುತ್ತೆ?" ಇದು ಇಡೀ ಭೇಟಿಯ ದಿಕ್ಕು ಹೇಳುವ ಪ್ರಶ್ನೆ. ಉತ್ತರ ಹೆಚ್ಚಾಗಿ ಮೂರು ಬಗೆಯಲ್ಲಿ ಬರುತ್ತದೆ, ಮೂರೂ ಹಾಗೇ ಬಳಸಲು ಬಾರದಂಥವು.

ಒಂದು, ಬೇಡದ್ದನ್ನು ಹೇಳುವುದು. "ಟೆನ್ಷನ್ ಇರಬಾರದು." ಆಗ: "ಟೆನ್ಷನ್ ಇಲ್ಲ ಅಂದಾಗ ಆ ಜಾಗದಲ್ಲಿ ಏನಿರುತ್ತೆ?"

ಎರಡು, ಬೇರೆಯವರು ಬದಲಾಗಬೇಕು ಎನ್ನುವುದು. "ನಮ್ಮೆಜಮಾನ್ರು ಕುಡಿಯೋದು ಬಿಟ್ರೆ ಸಾಕು." ವಾದಿಸಬೇಡಿ. "ಬಿಟ್ಟರು ಅಂತಲೇ ಇಟ್ಕೊಳ್ಳೋಣ. ಆಗ ನೀವು ಈಗ ಮಾಡದೇ ಇರೋದು ಏನನ್ನ ಮಾಡ್ತಿರ್ತೀರಿ?" ಆದರೆ ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ಪ್ರಶ್ನೆ ಬೇಡ. ಆಕೆಯ ನಡವಳಿಕೆ ತಿದ್ದಿದರೆ ಹೊಡೆತ ನಿಲ್ಲುತ್ತದೆ ಎಂಬ ಅರ್ಥ ಅದರಿಂದ ಹೊರಡುತ್ತದೆ. ಅಲ್ಲಿ ಮೊದಲು ಸುರಕ್ಷತೆ: "ಇವತ್ತು ರಾತ್ರಿ ಮನೆಗೆ ಹೋಗೋದು ಎಷ್ಟು ಸುರಕ್ಷಿತ, ಹತ್ತಕ್ಕೆ ಎಷ್ಟು ಅಂತೀರಿ?" ಕಡಿಮೆ ಎಂದರೆ 181, ಸಖಿ ಕೇಂದ್ರ (ಹಿಂಸೆಗೊಳಗಾದ ಮಹಿಳೆಯರಿಗೆ ಒಂದೇ ಕಡೆ ನೆರವು ಸಿಗುವ ಸರ್ಕಾರಿ ಕೇಂದ್ರ), 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿಯ ಸಂರಕ್ಷಣಾಧಿಕಾರಿ, ಈ ದಾರಿಗಳನ್ನು ತಿಳಿಸಿ.

ಮೂರು, "ನಂಗೇನೂ ಬೇಡ, ವಾರ್ಡನ್ ಕಳಿಸಿದ್ರು." ಕಾಲೇಜಿನಲ್ಲಿ ಇದೇ ಹೆಚ್ಚು. "ವಾರ್ಡನ್‌ಗೆ ನಿನ್ನಲ್ಲಿ ಏನು ಕಂಡ್ರೆ ಇನ್ನು ಕೌನ್ಸೆಲಿಂಗ್ ಬೇಡ ಅಂತಾರೆ?" ಎಂದು ಕೇಳಿ. ಉತ್ತರ ಬಂದ ಮೇಲೆ: "ಅದರಲ್ಲಿ ನಿನಗೂ ಬೇಕು ಅನ್ನಿಸೋದು ಏನಾದ್ರೂ ಇದೆಯಾ?" ವಾರ್ಡನ್ ಕಾಟ ತಪ್ಪಬೇಕು ಎಂಬುದೂ ಒಂದು ಗುರಿಯೇ. ಅದನ್ನು ಹಿಡಿದು ಹೊರಡಿ.

ತಂದೆ ತಾಯಿ ಜೊತೆಗೆ ಬಂದಿದ್ದರೆ ಪ್ರಶ್ನೆ ಮಗನಿಗೆ, ಉತ್ತರ ಅಪ್ಪನಿಂದ. ಹತ್ತು ನಿಮಿಷ ಒಟ್ಟಿಗೆ ಕೂರಿಸಿ, ಆಮೇಲೆ ಮಗನೊಬ್ಬನನ್ನೇ ಕೂರಿಸಿಕೊಳ್ಳಿ. ಒಟ್ಟಿಗಿರುವಾಗ ಅಪ್ಪನಿಗೆ ಕೇಳಬೇಕಾದದ್ದು: "ಮಗನಲ್ಲಿ ಈ ವಾರ ಏನು ಸಣ್ಣದು ಕಂಡ್ರೆ ಪರವಾಗಿಲ್ಲ ಅನ್ಸುತ್ತೆ?" "ಫಸ್ಟ್ ಕ್ಲಾಸ್ ಬರಬೇಕು" ಎಂದರೆ "ಈ ವಾರ" ಎಂಬುದನ್ನು ಒತ್ತಿ ಮತ್ತೆ ಕೇಳಿ.

ಎಡ ಪಾಲಿಗೆ ಬರೆದುಕೊಳ್ಳುವ ಗುರಿ ಕಣ್ಣಿಗೆ ಕಾಣುವಂತಿರಲಿ, ಅವರ ಕೈಯಲ್ಲೇ ಇರಲಿ, ಒಂದು ವಾರದೊಳಗೆ ಶುರುವಾಗುವಂತಿರಲಿ. "ಆತ್ಮವಿಶ್ವಾಸ" ಎಂಬುದನ್ನು ಹಾಗೇ ಬರೆದುಕೊಳ್ಳಬೇಡಿ. ಆತ್ಮವಿಶ್ವಾಸ ಬಂದವನು ಸೋಮವಾರ ಬೆಳಗ್ಗೆ ಏನು ಮಾಡುತ್ತಾನೆ ಎಂಬುದನ್ನು ಬರೆದುಕೊಳ್ಳಿ.

## ಹಂತ 4: ನಾಳೆ ಬೆಳಗಿನ ಪ್ರಶ್ನೆ

ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಬಳಕೆಗೆ ತಂದ ಪವಾಡದ ಪ್ರಶ್ನೆ ಇದೇ. ಕನ್ನಡದಲ್ಲಿ ಕೇಳುವಾಗ ಪವಾಡ ಎನ್ನದಿರುವುದು ಒಳ್ಳೆಯದು; ಮಾತು ದೇವರು, ಹರಕೆಯ ಕಡೆ ಹೋಗಿ ಬಿಡುತ್ತದೆ. ಆ ಪದವಿಲ್ಲದೆಯೂ ಪ್ರಶ್ನೆ ಪೂರ್ತಿಯಾಗುತ್ತದೆ. ನಿಧಾನವಾಗಿ, ವಾಕ್ಯ ವಾಕ್ಯದ ನಡುವೆ ಉಸಿರು ಬಿಟ್ಟು ಹೇಳಿ:

"ಇವತ್ತು ಇಲ್ಲಿಂದ ಹಾಸ್ಟೆಲಿಗೆ ಹೋಗ್ತೀಯ. ಊಟ ಮಾಡ್ತೀಯ, ಮಲಗ್ತೀಯ. ನೀನು ನಿದ್ದೆ ಮಾಡ್ತಿರುವಾಗ, ನಿನ್ನನ್ನ ಇಲ್ಲಿಗೆ ಕರೆತಂದ ತೊಂದರೆ ಹೇಗೋ ಬಗೆಹರಿದುಬಿಟ್ಟಿದೆ. ನೀನು ಮಲಗಿದ್ದೆ, ಹಾಗಾಗಿ ನಿನಗೆ ಗೊತ್ತಿಲ್ಲ. ಬೆಳಗ್ಗೆ ಎದ್ದಾಗ, ಏನೋ ಬದಲಾಗಿದೆ ಅಂತ ಮೊದಲು ಯಾವುದರಿಂದ ಗೊತ್ತಾಗುತ್ತೆ?"

"ಗೊತ್ತಿಲ್ಲ ಮೇಡಂ."

ಇಲ್ಲಿ ಸುಮ್ಮನಿರಿ. ಹತ್ತು ಸೆಕೆಂಡು. ಮನಸ್ಸಿನಲ್ಲಿ ಎಣಿಸಿ, ಎಣಿಸದಿದ್ದರೆ ಮೂರಕ್ಕೇ ಬಾಯಿ ತೆರೆಯುತ್ತೀರಿ. ಆಗಲೂ ಮಾತು ಬರದಿದ್ದರೆ "ಅಂದಾಜಿಗೆ ಹೇಳು" ಎನ್ನಿ.

"ಅಲಾರಂ ಹೊಡೆದ ತಕ್ಷಣ ಎದ್ದಿರ್ತೀನೇನೋ."

"ಎದ್ದು?"

"ಸ್ನಾನಕ್ಕೆ ಹೋಗ್ತೀನಿ. ಲೇಟಾದ್ರೆ ಬಿಸಿನೀರು ಸಿಗಲ್ಲ."

"ಆಮೇಲೆ?"

"ಮೆಸ್ಸಿಗೆ. ಈಗ ತಿಂಡಿಗೇ ಹೋಗ್ತಿಲ್ಲ ನಾನು."

"ನೀನು ಮೆಸ್ಸಿಗೆ ಬಂದದ್ದನ್ನ ಮೊದಲು ಯಾರು ನೋಡ್ತಾರೆ?"

"ರೂಮ್‌ಮೇಟು. ಏನಪ್ಪಾ ದೊಡ್ಡ ಮನುಷ್ಯರ ದರ್ಶನ ಅಂತ ಕಾಲೆಳೀತಾನೆ."

"ಅವನು ಹಾಗಂದಾಗ ನೀನು?"

"ನಗ್ತೀನಿ. ಅವನ ಪಕ್ಕ ಕೂತ್ಕೊಳ್ತೀನಿ. ಎಂಟೂವರೆಗೆ ಅವನ ಜೊತೆಗೇ ಹೊರಟ್ರೆ ಫಸ್ಟ್ ಅವರ್ ತಪ್ಪಲ್ಲ."

ಕೌನ್ಸೆಲರ್ ಎಷ್ಟು ಕಡಿಮೆ ಮಾತಾಡಿದ್ದಾರೆ ನೋಡಿ. "ಎದ್ದು?", "ಆಮೇಲೆ?" ಎಂಬಿಷ್ಟರಲ್ಲೇ ಅಲಾರಂ, ಬಿಸಿನೀರು, ತಿಂಡಿ, ಪಕ್ಕದ ಕುರ್ಚಿ, ಎಂಟೂವರೆ ಎಲ್ಲ ಬಂದವು. ಇವೇ ಮುಂದಿನ ಹಂತಗಳ ಕಚ್ಚಾ ಸರಕು. ಬೆಳಗಿನಿಂದ ರಾತ್ರಿಯವರೆಗೆ ಹೀಗೇ ನಡೆಸಿ. ಮಾತು ನಿಂತಾಗೆಲ್ಲ ಇನ್ನೊಬ್ಬರ ಕಣ್ಣು ತನ್ನಿ: ರೂಮ್‌ಮೇಟಿಗೆ ಏನು ಕಾಣುತ್ತದೆ, ರಾತ್ರಿ ಫೋನು ಮಾಡಿದಾಗ ಅಮ್ಮನಿಗೆ ದನಿಯಲ್ಲಿ ಏನು ಗೊತ್ತಾಗುತ್ತದೆ. ತಮ್ಮ ಬಗ್ಗೆ ಹೇಳಿಕೊಳ್ಳಲು ಸಂಕೋಚಪಡುವವರೂ ಅಮ್ಮ ಏನನ್ನುತ್ತಾಳೆ ಎಂದು ಸಲೀಸಾಗಿ ಹೇಳುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು: "ಅಲಾರಂ" ಎಂದದ್ದೇ ತಡ, "ಹಾಗಾದ್ರೆ ನಾಳೆಯಿಂದ ಆರು ಗಂಟೆಗೆ ಅಲಾರಂ ಇಟ್ಕೋ" ಎಂದುಬಿಡುವುದು. ಅವನ ಚಿತ್ರ ನಿಮ್ಮ ಆಜ್ಞೆಯಾಯಿತು. ಅಲ್ಲಿಂದಾಚೆ "ಹೂಂ ಮೇಡಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಸಾಲು ಸಾಲಾಗಿ "ಹೂಂ ಮೇಡಂ" ಕೇಳಿಸುತ್ತಿದ್ದರೆ ನೀವು ಉಪದೇಶಕ್ಕೆ ಇಳಿದಿದ್ದೀರಿ ಎಂದೇ ತಿಳಿಯಿರಿ.

ಇತ್ತೀಚೆಗೆ ಮನೆಯಲ್ಲಿ ಸಾವಾಗಿದ್ದರೆ ಈ ಪ್ರಶ್ನೆ ಕೇಳಬಾರದು. ಉತ್ತರ "ಅಪ್ಪ ಬದುಕಿ ಬಂದಿರ್ತಾರೆ" ಎಂದೇ ಇರುತ್ತದೆ. ವಾಸಿಯಾಗದ ಕಾಯಿಲೆಯವರಿಗೂ ಇದೇ ಮಾತು. ಅಲ್ಲಿ "ಹೇಗೆ ತಡ್ಕೊಂಡಿದ್ದೀರಿ, ಯಾರು ಜೊತೆಗಿದ್ದಾರೆ" ಎಂಬ ದಾರಿಯೇ ಸರಿ.

## ಹಂತ 5: ಸಮಸ್ಯೆ ಬಿಡುವು ಕೊಟ್ಟ ಗಳಿಗೆ

ಯಾವ ಸಮಸ್ಯೆಯೂ ಇಪ್ಪತ್ನಾಲ್ಕು ಗಂಟೆ ಒಂದೇ ಬಿಗಿಯಲ್ಲಿರುವುದಿಲ್ಲ. "ಆಗಿತ್ತಾ?" ಎಂದು ಕೇಳಿದರೆ "ಇಲ್ಲ" ಎನ್ನುವುದು ಸುಲಭ. "ಈ ಮೂರು ವಾರದಲ್ಲಿ ಇಂಥ ಬೆಳಗು, ಪೂರ್ತಿ ಬೇಡ, ಒಂಚೂರಾದ್ರೂ, ಯಾವತ್ತು ಸಿಕ್ಕಿತ್ತು?" ಎಂದು ಕೇಳಿ. ಅಪಾಯಿಂಟ್‌ಮೆಂಟ್ ತೆಗೆದುಕೊಂಡ ದಿನದಿಂದ ಇವತ್ತಿನವರೆಗೆ ಏನಾದರೂ ಬದಲಾಗಿದೆಯಾ ಎಂಬುದನ್ನೂ ಕೇಳಿ. ಬರುವ ನಿರ್ಧಾರ ಮಾಡಿದ ಮೇಲೆ ಒಂದೆರಡು ಸಂಗತಿ ತಾವಾಗಿ ಸುಧಾರಿಸಿರುವುದು ಅಪರೂಪವಲ್ಲ.

ಹುಡುಗ ಹೇಳುತ್ತಾನೆ: "ಹೋದ ಗುರುವಾರ ಕೆಮಿಸ್ಟ್ರಿ ಲ್ಯಾಬಿಗೆ ಹೋಗಿದ್ದೆ." ಇಲ್ಲಿ "ವೆರಿ ಗುಡ್" ಎಂದು ಮುಂದೆ ಹೋದರೆ ಚಿನ್ನದಂಥ ಐದು ನಿಮಿಷ ಕೈಬಿಟ್ಟಂತೆ. ಅವತ್ತು ಎಷ್ಟು ಹೊತ್ತಿಗೆ ಎದ್ದೆ, ಹೋಗಬೇಕು ಅಂತ ಯಾವಾಗ ತೀರ್ಮಾನ ಮಾಡಿದೆ, ಮೂರು ವಾರ ಆದ ಮೇಲೆ ಬಾಗಿಲಲ್ಲಿ ನಿಂತಾಗ ಒಳಗೆ ಹೆಜ್ಜೆ ಇಡಲು ಏನು ಮಾಡಿದೆ, ಇನ್ನೇನು, ಮತ್ತೇನು. ವಿವರ ಬಂದಂತೆಲ್ಲ ಗೊತ್ತಾಗುತ್ತದೆ: ಹಿಂದಿನ ರಾತ್ರಿಯೇ ರೆಕಾರ್ಡ್ ಬರೆದಿಟ್ಟಿದ್ದ, ಲ್ಯಾಬ್ ಪಾರ್ಟ್ನರ್‌ಗೆ ಬರ್ತೀನಿ ಎಂದು ಮೆಸೇಜ್ ಹಾಕಿದ್ದ. ಇವನ ಸಾಮರ್ಥ್ಯ ಅಲ್ಲಿದೆ. ಹೇಳಿದ ಮೇಲೆ ಮಾತು ತಪ್ಪುವವನಲ್ಲ, ಮುನ್ನಾದಿನ ತಯಾರಿ ಮಾಡಿಕೊಂಡರೆ ಹೊರಡುತ್ತಾನೆ. "ನಿಮ್ಮ ಹತ್ತು ಒಳ್ಳೆಯ ಗುಣ ಬರೆಯಿರಿ" ಎಂಬ ವರ್ಕ್‌ಶೀಟಿನಲ್ಲಿ ಇದು ಯಾವತ್ತೂ ಬರುವುದಿಲ್ಲ. ಅಂಥ ಪಟ್ಟಿ ಬರೆಸುವುದನ್ನು ಬಿಟ್ಟುಬಿಡುವುದೇ ಮೇಲು. ಕುಗ್ಗಿರುವವರಿಗೆ ಖಾಲಿ ಸಾಲುಗಳು ಇನ್ನಷ್ಟು ಕುಗ್ಗಿಸುತ್ತವೆ.

ಬಿಡುವಿನ ಗಳಿಗೆ ತಾವೇ ಮಾಡಿಕೊಂಡದ್ದೋ ತಾನಾಗಿ ಆದದ್ದೋ ಎಂಬುದನ್ನು ಬೇರ್ಪಡಿಸಿಕೊಳ್ಳಿ. ಮಾಡಿಕೊಂಡದ್ದಾದರೆ ಅದನ್ನೇ ಹೆಚ್ಚು ಮಾಡಲು ಹೇಳಬಹುದು. "ಅದೇನೋ ಅವತ್ತು ಚೆನ್ನಾಗಿತ್ತು" ಎಂದರೆ ಮಾಡಲು ಹೇಳಬೇಡಿ, ಗಮನಿಸಲು ಹೇಳಿ. ಸಾಮರ್ಥ್ಯವೆಂದರೆ ಒಳಗಿನ ಗುಣ ಮಾತ್ರವೂ ಅಲ್ಲ. ಕೇಳಿದ ತಕ್ಷಣ ಫೋನೆತ್ತುವ ಅಕ್ಕ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ರಾತ್ರಿ ಎಂಟರವರೆಗೆ ತೆರೆದಿರುವ ಲೈಬ್ರರಿ, ಇವೂ ನಡುವಿನ ಪಾಲಿಗೆ ಸೇರಬೇಕು.

ಎಚ್ಚರಿಕೆ: ಪ್ರತಿದಿನ ಹೆಚ್ಚು ಕುಡಿಯುವವರು "ನಿನ್ನೆಯಿಂದ ಕುಡಿದಿಲ್ಲ" ಎಂದರೆ ಅದನ್ನು ಒಳ್ಳೆಯ ಬಿಡುವೆಂದು ಮೆಚ್ಚಿ ಮನೆಗೆ ಕಳಿಸಬೇಡಿ. ಹಠಾತ್ತನೆ ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸನ್ನಿ ಹಿಡಿದಂತಾಗಿ ಜೀವಕ್ಕೇ ಕುತ್ತು ಬರಬಹುದು. ಕೈನಡುಕ, ಬೆವರು, ನಿದ್ದೆಯಿಲ್ಲದಿರುವುದು, ಇಲ್ಲದ್ದು ಕಾಣಿಸುವುದು ಇದ್ದರೆ ನೇರ ಆಸ್ಪತ್ರೆಗೆ. ಮೆಚ್ಚುಗೆ ವೈದ್ಯರು ನೋಡಿದ ಮೇಲೆ.

## ಹಂತ 6: ಅಳತೆಯ ಪ್ರಶ್ನೆ

ಮೊದಲು ಎರಡು ತುದಿಯನ್ನೂ ಹೇಳಿ. ಹತ್ತು ಎಂದರೆ ಆಗ ಹೇಳಿದ ಆ ಬೆಳಗು. ಸೊನ್ನೆ ಎಂದರೆ ಈ ಮೂರು ವಾರದ ಅತಿ ಕೆಟ್ಟ ದಿನ. ತುದಿ ಹೇಳದೆ ಕೇಳಿದರೆ ವಿದ್ಯಾರ್ಥಿಗಳು ಪರೀಕ್ಷೆಯ ಅಂಕ ಎಂದುಕೊಂಡು, ಫೇಲಾಗಬಾರದೆಂದು ಐದು ಎನ್ನುತ್ತಾರೆ. "ಇದರಲ್ಲಿ ಪಾಸು ಫೇಲು ಇಲ್ಲ" ಎಂದೇ ಹೇಳಿ, ಹಾಳೆಯ ಮೇಲೆ ಗೆರೆ ಎಳೆದು ಪೆನ್ನನ್ನು ಅವರ ಕೈಗೆ ಕೊಡಿ. ವಯಸ್ಸಾದವರಿಗೆ "ಹದಿನಾರಾಣೆ ಸರಿಹೋದ್ರೆ ನೀವು ಹೇಳಿದ ಹಾಗಿರುತ್ತೆ, ಈಗ ಎಷ್ಟಾಣೆ ಇದೆ?" ಎಂದರೆ ಸಲೀಸು. ಮಕ್ಕಳಿಗೆ ಮೆಟ್ಟಿಲು ಬಿಡಿಸಿ ಎಲ್ಲಿ ನಿಂತಿದ್ದೀಯ ಎಂದು ಕೇಳಿ.

ಹುಡುಗ "ಮೂರು" ಎಂದ. ಈಗ ಸರದಿ ತಪ್ಪಬಾರದು. ಮೊದಲು ಕೆಳಗೆ ನೋಡಿ: "ಮೂರು. ಎರಡಲ್ಲ, ಒಂದಲ್ಲ. ಮೂರರ ತನಕ ಏನೇನು ತಂತು?" ಒಂದು ಉತ್ತರ ಬಂದ ಮೇಲೆ "ಇನ್ನೇನು?" ಮತ್ತೆ "ಇನ್ನೇನು?" ಕನಿಷ್ಠ ಮೂರು ಉತ್ತರ ಬಂದ ಮೇಲೆ ಮಾತ್ರ ಮೇಲಕ್ಕೆ: "ಮೂರೂವರೆ ಆಗಿದೆ ಅಂದ್ಕೋ. ಏನು ಬೇರೆ ಕಾಣುತ್ತೆ?" ಅರ್ಧ ಹೆಜ್ಜೆ, ಹೆಚ್ಚೆಂದರೆ ಒಂದು. "ಹತ್ತು ಆಗೋಕೆ ಏನು ಮಾಡ್ಬೇಕು?" ಎಂದು ಕೇಳುವುದು ಈ ಹಂತವನ್ನು ಕೆಡಿಸುವ ಸುಲಭದ ದಾರಿ, ಅದುವರೆಗೆ ಬಂದ ಮೂರರ ಬೆಲೆ ಅದರಿಂದ ಇಳಿದುಹೋಗುತ್ತದೆ.

ಅರ್ಧ ಹೆಜ್ಜೆಯ ವಿವರ ಬಂದ ಮೇಲೆ ಇನ್ನೊಂದು ಗೆರೆ, ಭರವಸೆಯದು: "ಈ ವಾರ ಅಷ್ಟು ಆಗುತ್ತೆ ಅನ್ನೋ ನಂಬಿಕೆ ಎಷ್ಟು?" ಮಾಡಬೇಕೆಂಬ ಮನಸ್ಸು ಒಂಬತ್ತು, ನಂಬಿಕೆ ಎರಡು ಎಂದರೆ ಹುಡುಗ ಸೋಮಾರಿ ಎಂದು ತೀರ್ಮಾನಿಸಬೇಡಿ. ಹೆಜ್ಜೆ ದೊಡ್ಡದಾಯಿತು. ಅದನ್ನು ಇನ್ನೂ ಚಿಕ್ಕದು ಮಾಡಿ.

"ಸೊನ್ನೆ" ಅಥವಾ "ಸೊನ್ನೆಗಿಂತ ಕೆಳಗೆ" ಎಂದರೆ ಗಾಬರಿಬಿದ್ದು ಧೈರ್ಯ ತುಂಬಲು ಹೋಗಬೇಡಿ. "ಅಷ್ಟು ಕಷ್ಟದಲ್ಲೂ ಹೇಗೆ ದಿನ ದಾಟಿಸ್ತಿದ್ದೀಯ?" ಎಂದು ಕೇಳಿ, ಒಂದನೇ ಹಂತದ ಅಪಾಯದ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ.

## ಹಂತ 7: ವಿರಾಮ, ಮೆಚ್ಚುಗೆ, ಕೆಲಸ

ಐದು ನಿಮಿಷ ಎದ್ದು ಹೋಗಿ. ಹೊರಗೆ ಜಾಗವಿಲ್ಲದಿದ್ದರೆ "ನಾನು ಸ್ವಲ್ಪ ಯೋಚನೆ ಮಾಡಿ ಬರ್ಕೊಳ್ತೀನಿ" ಎಂದು ಅಲ್ಲೇ ಬರೆಯಿರಿ. ಈ ವಿರಾಮವನ್ನು ಬಿಟ್ಟರೆ ಕೊನೆಯ ಮಾತು ಬಾಯಿಗೆ ಬಂದ ಹಿತವಚನವಾಗುತ್ತದೆ. ಜೊತೆಗೆ, ಬಂದವರೂ ಈ ಐದು ನಿಮಿಷದಲ್ಲಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ.

ಮರಳಿ ಬಂದು ಮೊದಲು ಎರಡೋ ಮೂರೋ ಮೆಚ್ಚುಗೆ, ಪ್ರತಿಯೊಂದಕ್ಕೂ ಸಾಕ್ಷಿ ಸಮೇತ. "ನೀನು ತುಂಬಾ ಬುದ್ಧಿವಂತ" ಎಂಬುದನ್ನು ಯಾರೂ ನಂಬುವುದಿಲ್ಲ. "ಮೂರು ವಾರ ಹೋಗದೇ ಇದ್ದವನು ಗುರುವಾರದ ಲ್ಯಾಬಿಗೆ ಬುಧವಾರ ರಾತ್ರಿನೇ ರೆಕಾರ್ಡ್ ಬರೆದಿಟ್ಟಿದ್ದೆ" ಎಂಬುದನ್ನು ಅಲ್ಲಗಳೆಯಲು ಆಗುವುದಿಲ್ಲ. ಹೊಗಳಿಸಿಕೊಂಡರೆ ಮುದುಡಿಕೊಳ್ಳುವವರು ನಮ್ಮಲ್ಲಿ ಹೆಚ್ಚು, ಅಂಥವರಿಗೆ ಮೆಚ್ಚುಗೆಯನ್ನು ಪ್ರಶ್ನೆಯಾಗಿಸಿ: "ಅಷ್ಟು ದಿನ ಆದ ಮೇಲೆ ಆ ಬಾಗಿಲು ದಾಟೋದು ಹೇಗೆ ಸಾಧ್ಯ ಆಯ್ತು?"

ಆಮೇಲೆ ಕೆಲಸ. ಏನೂ ಬೇಡ ಎನ್ನುತ್ತಲೇ ಇರುವವರಿಗೆ ಕೆಲಸ ಕೊಡಬೇಡಿ, ಬಂದದ್ದಕ್ಕೆ ಮೆಚ್ಚಿ ಇನ್ನೊಮ್ಮೆ ಕರೆಯಿರಿ. ಬೇರೆಯವರು ಬದಲಾಗಬೇಕು ಎನ್ನುವವರಿಗೆ ಗಮನಿಸುವ ಕೆಲಸ. ನಾನೇ ಏನಾದರೂ ಮಾಡಬೇಕು ಎನ್ನುವವರಿಗೆ ಮಾತ್ರ ಮಾಡುವ ಕೆಲಸ. ಯಾವುದೆಂದು ಗೊತ್ತಾಗದಿದ್ದರೆ ಇದೊಂದು ಯಾವಾಗಲೂ ಕೈಹಿಡಿಯುತ್ತದೆ: "ಮುಂದಿನ ಭೇಟಿ ತನಕ, ನಿನ್ನ ದಿನದಲ್ಲಿ ಹೀಗೇ ಮುಂದುವರಿಯಲಿ ಅನ್ನಿಸೋದು ಏನೇನು ನಡೆಯುತ್ತೆ, ಗಮನಿಸಿ ಬಂದು ಹೇಳು." ಹೊಸಬರು ಬೇರೆ ಕೆಲಸಗಳನ್ನೆಲ್ಲ ಬಿಟ್ಟು ಇದೊಂದನ್ನೇ ಕೊಟ್ಟರೂ ನಷ್ಟವಿಲ್ಲ.

"ಅದೆಲ್ಲ ಬಿಡಿ ಮೇಡಂ, ನಾನೇನು ಮಾಡ್ಲಿ ನೀವೇ ಹೇಳಿ" ಎಂಬ ಮಾತು ಬಂದೇ ಬರುತ್ತದೆ. "ನಾನು ಸಲಹೆ ಕೊಡೋದಿಲ್ಲ" ಎಂದು ಬಾಗಿಲು ಹಾಕಬೇಡಿ, ದೊಡ್ಡವರು ಕೈಬಿಟ್ಟರು ಅನ್ನಿಸುತ್ತದೆ. ಮಾಹಿತಿಯನ್ನು ಧಾರಾಳವಾಗಿ ಕೊಡಿ: ಹಾಜರಾತಿ ಕೊರತೆಗೆ ಯಾರನ್ನು ಕಾಣಬೇಕು, ಮುಂದಿನ ಪರೀಕ್ಷೆಗೆ ಹೇಗೆ ಕಟ್ಟಬೇಕು. ಸೈನ್ಸ್ ಬಿಡಲೋ, ಗಂಡನ ಮನೆ ಬಿಡಲೋ ಎಂಬುದಕ್ಕೆ ಮಾತ್ರ ಉತ್ತರ ಕೊಡಬೇಡಿ. ಇಂಥ ಸ್ಥಿತಿಯಲ್ಲಿ ಕೆಲವರು ಹೀಗೆ ಮಾಡುತ್ತಾರೆ, ಕೆಲವರು ಹಾಗೆ ಎಂದು ಎರಡು ದಾರಿ ಹೇಳಿ, "ನಿನ್ನ ಗುರುವಾರಕ್ಕೆ ಯಾವುದು ಹತ್ತಿರ?" ಎಂದು ಅವರ ಅನುಭವಕ್ಕೇ ಮರಳಿ.

## ಹಂತ 8: ಎರಡನೇ ಭೇಟಿ ಮತ್ತು ಮುಂದೆ

7ರಿಂದ 14 ದಿನ ಬಿಟ್ಟು ಕರೆಯಿರಿ. ಮೊದಲ ಮಾತು "ಆ ಕೆಲಸ ಮಾಡಿದ್ಯಾ?" ಆಗಬಾರದು. ಮಾಡದವನು ತಲೆ ತಗ್ಗಿಸುತ್ತಾನೆ, ಮುಂದಿನ ಸಲ ಬರುವುದಿಲ್ಲ. "ಹೋದ ಸಲದಿಂದ ಈಚೆಗೆ ಏನು ಒಂಚೂರಾದ್ರೂ ಸುಧಾರಿಸಿದೆ?" ಎಂದು ಕೇಳಿ. ಸಿಕ್ಕಿದ ಸಣ್ಣ ಸುಧಾರಣೆಯ ವಿವರ ಕೇಳಿ, ಅದು ಯಾರಿಗೆ ಕಂಡಿತು ಕೇಳಿ, ಹೇಗೆ ಮಾಡಿದೆ ಎಂದು ಮೆಚ್ಚಿ, ಮತ್ತೆ "ಇನ್ನೇನು?" ಎಂಬಲ್ಲಿಂದ ಶುರುಮಾಡಿ. ಕೊನೆಗೆ ಮತ್ತೆ ಅಳತೆ.

"ಏನೂ ಬದಲಾಗಿಲ್ಲ" ಎಂದರೆ ವಾರವನ್ನು ದಿನವಾಗಿ ಒಡೆಯಿರಿ. ಸೋಮವಾರಕ್ಕಿಂತ ಮಂಗಳವಾರ ಹೇಗಿತ್ತು? ಏಳೂ ದಿನ ಒಂದೇ ತೂಕದಲ್ಲಿರುವುದು ಕಡಿಮೆ. "ಇನ್ನೂ ಹದಗೆಟ್ಟಿದೆ" ಎಂದರೆ ಒತ್ತಾಯದಿಂದ ಒಳ್ಳೆಯದನ್ನು ಹುಡುಕಬೇಡಿ. ಎರಡನೇ ಹಂತಕ್ಕೆ ಮರಳಿ, ಅಪಾಯ ನೋಡಿಕೊಳ್ಳಿ.

ಬಹುತೇಕ ಪ್ರಕರಣಗಳು ಮೂರರಿಂದ ಆರು ಭೇಟಿಯಲ್ಲಿ ಒಂದು ನೆಲೆಗೆ ಬರುತ್ತವೆ. ಎಷ್ಟಕ್ಕೆ ಬಂದರೆ ಸಾಕು ಎಂಬುದನ್ನು ಎರಡನೇ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ. ಏಳು ಸಾಕು ಎನ್ನುವವರನ್ನು ಹತ್ತರವರೆಗೆ ಎಳೆಯಬೇಕಿಲ್ಲ. ಆ ಸಂಖ್ಯೆ ಹತ್ತಿರ ಬಂದಾಗ ಅಂತರ ಹೆಚ್ಚಿಸಿ: ಎರಡು ವಾರ, ಆಮೇಲೆ ಒಂದು ತಿಂಗಳು. ಮುಗಿಸುವ ಮೊದಲು ಒಂದು ಚೀಟಿ ಅವರ ಕೈಯಲ್ಲೇ ಬರೆಸಿ: ಮತ್ತೆ ಜಾರುತ್ತಿದ್ದೇನೆ ಎಂಬುದರ ಮೊದಲ ಗುರುತು ಯಾವುದು (ಈ ಹುಡುಗನಿಗೆ, ಎರಡು ದಿನ ಸತತ ತಿಂಡಿ ತಪ್ಪಿಸುವುದು), ಆಗ ಮೊದಲು ಯಾರಿಗೆ ಹೇಳಬೇಕು, ಹಿಂದೆ ಏನು ಮಾಡಿದಾಗ ಮೇಲೆದ್ದೆ.

## ಈ ದಾರಿ ಬಿಟ್ಟು ಮುಂದಕ್ಕೆ ಕಳಿಸಬೇಕಾದಾಗ

ಯಾರೂ ಇಲ್ಲದಾಗ ದನಿ ಕೇಳಿಸುವುದು, ಎಲ್ಲರೂ ಸೇರಿ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಗಟ್ಟಿ ನಂಬಿಕೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ದಣಿಯದೆ ಹಣ ಚೆಲ್ಲುವುದು, ಊಟ ಬಿಟ್ಟು ತೂಕ ಇಳಿಯುತ್ತಿರುವುದು, ಹೆರಿಗೆಯಾದ ವಾರಗಳಲ್ಲಿ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಂಬ ಮಾತು: ಇವುಗಳಿಗೆ ಅಳತೆಯ ಪ್ರಶ್ನೆ ಮದ್ದಲ್ಲ. ಜಿಲ್ಲಾಸ್ಪತ್ರೆಗೆ ಅಥವಾ ನಿಮ್ಹಾನ್ಸ್‌ನಂಥ ಕಡೆಗೆ ಪತ್ರ ಕೊಟ್ಟು ಕಳಿಸಿ. ತಲುಪಿದರೇ ಎಂದು ಮರುದಿನ ಕರೆ ಮಾಡಿ ಕೇಳಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು "ಈಗ ಎಂಟಕ್ಕೆ ಬಂದಿದ್ದೀನಿ, ಮಾತ್ರೆ ಬಿಡ್ಲಾ?" ಎಂದರೆ ಅದರ ತೀರ್ಮಾನ ವೈದ್ಯರದು, ನಿಮ್ಮದಲ್ಲ.

ಮೂರು ಭೇಟಿಯಾದರೂ ಗೆರೆ ಅಲುಗದಿದ್ದರೆ ಪ್ರಶ್ನೆಗಳನ್ನೇ ಜೋರಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಸದಾ ಸುಸ್ತು, ನಿದ್ದೆ ಎಂದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಬಳಿ ಕಳಿಸಿ. ಗುರಿ ನಿಜಕ್ಕೂ ಅವರದೋ ಅಪ್ಪನದೋ ಎಂದು ಮೂರನೇ ಹಂತವನ್ನು ಮತ್ತೆ ನೋಡಿ. ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಹೆಸರು ಮರೆಮಾಡಿ ಪ್ರಕರಣ ಇಡಿ.

## ನಿಮ್ಮ ಭೇಟಿಯನ್ನು ನೀವೇ ಪರೀಕ್ಷಿಸಲು

ಲಿಖಿತ ಒಪ್ಪಿಗೆ ಪಡೆದು (ಹದಿನೆಂಟರೊಳಗಿನವರಾದರೆ ಪೋಷಕರದೂ) ಒಂದು ಭೇಟಿಯನ್ನು ಧ್ವನಿಮುದ್ರಿಸಿ, ನಡುವಿನ ಹತ್ತು ನಿಮಿಷ ಮಾತ್ರ ಕೇಳಿ. ಕಾಗದದಲ್ಲಿ ನಾಲ್ಕು ಲೆಕ್ಕ ಹಾಕಿ: ನೀವು ಕೊಟ್ಟ ಸಲಹೆ ಎಷ್ಟು, "ಇನ್ನೇನು?", "ಆಮೇಲೆ?" ಎಷ್ಟು, ಅವರ ಪದವನ್ನೇ ಬಳಸಿ ಕೇಳಿದ ಪ್ರಶ್ನೆ ಎಷ್ಟು, ಹತ್ತು ಸೆಕೆಂಡಿನ ಮೌನ ಎಷ್ಟು ಸಲ ಸಿಕ್ಕಿತು. ಸಲಹೆಯ ಲೆಕ್ಕ "ಇನ್ನೇನು?" ಲೆಕ್ಕಕ್ಕಿಂತ ಮೇಲಿದ್ದರೆ ಮುಂದಿನ ಭೇಟಿಯಲ್ಲಿ ಬೇರೆ ಏನನ್ನೂ ತಿದ್ದಿಕೊಳ್ಳಲು ಹೋಗಬೇಡಿ, ಹಾಳೆಯ ಮೇಲ್ತುದಿಯಲ್ಲಿ "ಇನ್ನೇನು?" ಎಂದು ದೊಡ್ಡದಾಗಿ ಬರೆದುಕೊಂಡು ಕೂರಿ. ಕೇಳಿ ಮುಗಿದ ಕೂಡಲೇ ಧ್ವನಿಮುದ್ರಿಕೆಯನ್ನು ಅಳಿಸಿ, ಅಳಿಸಿದ ದಿನಾಂಕವನ್ನು ಕಡತದಲ್ಲಿ ನಮೂದಿಸಿ.